ಗುಡಿಸಿದ ಹೂವಿನ ಜಡೆ

ತಾತನಿಗೆ ವಯಸ್ಸಾಯಿತು, ಕತೆ ಕಟ್ಟುತ್ತಾನೆ ಅಂತ ಈ ಗ್ರೂಪಿನಲ್ಲಿ ನಗುವವರೇ... ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ.

ನನ್ನ ಮದುವೆಯ ದಿಬ್ಬಣದ ಬಸ್ಸಿನ ನಂಬರು, ಅಡುಗೆಯವನ ಹೆಸರು, ಅವನು ಪಾಯಸಕ್ಕೆ ಉಪ್ಪು ಹಾಕಿದ್ದು... ಎಲ್ಲ ನೆನಪಿದೆ. ನಿಮಗೆ ನಿನ್ನೆ ಚಾರ್ಜರ್ ಎಲ್ಲಿಟ್ಟಿರಿ ಅನ್ನುವುದೇ ಗೊತ್ತಿಲ್ಲ!

ಈ ಮಾರ್ಚ್‌ನಲ್ಲಿ ನಡೆದದ್ದು. ಬೆಂಗಳೂರಿನಲ್ಲಿ ವಸಂತದ ಹೂಹಬ್ಬ. ಪಾರ್ಕಿನ ತುಂಬ ಟಬೂಬಿಯಾ ಮರಗಳು... ಒಂದು ಎಲೆಯೂ ಕಾಣದಂತೆ ಗುಲಾಬಿ ಬಣ್ಣ.

ನನ್ನ ಹೆಂಡತಿ ವನಜಾಕ್ಷಿ ಮಂಡಿ ಆಪರೇಷನ್ ಆದಮೇಲೆ ಮೊದಲ ಸಲ ಹೊರಗೆ ಹೊರಟಿದ್ದಳು. ಬಾಯಿಬಿಟ್ಟು ಏನೂ ಕೇಳದವಳು ಅವತ್ತು ಕೇಳಿದಳು...

"ರೀ, ಉದುರಿದ ಹೂವಿನ ಮಧ್ಯೆ ನಂದೊಂದು ಫೋಟೋ ತೆಗೀತೀರಾ?"

ಜನ ಸೇರುವ ಮುಂಚೆ, ಬೆಳಿಗ್ಗೆ ಏಳಕ್ಕೇ ಹೋದೆವು. ನೋಡಿದರೆ... ದಾರಿಯಲ್ಲಿ ಒಂದು ಹೂವಿಲ್ಲ! ಎಲ್ಲ ಗುಡಿಸಿ, ತಳ್ಳುಗಾಡಿಗೆ ತುಂಬಿ, ಪೊರಕೆ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಹೆಸರು ಚೌಡಮ್ಮ ಅಂತ ಆಮೇಲೆ ಗೊತ್ತಾಯಿತು.

ನನಗೆ ಪಿತ್ತ ನೆತ್ತಿಗೇರಿತು. "ಏನಮ್ಮಾ, ತಲೆ ಇದೆಯಾ ನಿನಗೆ? ಊರೆಲ್ಲ ಬರೋದೇ ಈ ಹೂವು ನೋಡೋಕೆ. ಇವಳದೊಂದು ಫೋಟೋ ತೆಗೆಯೋಣ ಅಂತ ಬಂದ್ವಿ. ಕಸ ಅಂದ್ಕೊಂಡ್ಯಾ?"

"ಬಯ್ಯಿ ಸಾಮಿ, ಬಯ್ಯಿ. ನಿನ್ನೆ ಇದೇ ಹೂವು ತುಳ್ದು ಒಬ್ಬಜ್ಜಿ ಜಾರಿ ಬಿದ್ಲು. ಅಮ್ಮಾವ್ರ ಕೈಲೂ ಕೋಲೈತೆ... ನೀವು ಅವ್ರನ್ನ ಹಿಡ್ಕಂತಿದ್ರಾ, ಇಲ್ಲ ಫೋಟೋ ತೆಗೀತಿದ್ರಾ?"

ನಾನು ಫೋನು ಜೇಬಿಗಿಟ್ಟು ವನಜಾಕ್ಷಿಯ ತೋಳು ಹಿಡಿದುಕೊಂಡೆ.

ವನಜಾಕ್ಷಿ ಕಿಸಕ್ಕನೆ ನಕ್ಕಳು. "ಇವರ ಬಾಯಿ ಮುಚ್ಚಿಸಿದವಳು ನೀನೇ ಮೊದ್ಲು ಕಣಮ್ಮ!"

ಚೌಡಮ್ಮ ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಕೇಳಿದಳು. "ಯಾಕವ್ವಾ, ಹೂವಿನ ಫೋಟೋ ಅಂದ್ರೆ ಅಷ್ಟೊಂದು ಆಸೆ?"

"ನಮ್ಮ ಅಕ್ಕಂದಿರಿಗೆಲ್ಲ ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋದಲ್ಲಿ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ ಫೋಟೋ ತೆಗೆಸಿದ್ರು. ನನ್ನ ಸರದಿ ಬಂದಾಗ ಟೈಫಾಯ್ಡ್... ತಲೆ ಬೋಳಿಸಿದ್ರು. ಆಮೇಲೆ ಯಾರಿಗೂ ನೆನಪಾಗ್ಲಿಲ್ಲ."

ನಲವತ್ತೊಂಬತ್ತು ವರ್ಷದ ಸಂಸಾರ... ಈ ಮಾತು ನನ್ನ ಕಿವಿಗೆ ಬಿದ್ದದ್ದು ಅವತ್ತೇ!

ಚೌಡಮ್ಮ ಪೊರಕೆ ಬದಿಗಿಟ್ಟಳು. ಗಾಡಿಯಿಂದ ಬಾಡದ ಹೂವುಗಳನ್ನು ಆರಿಸಿದಳು. ತೋರಣ ಕಟ್ಟಿ ಉಳಿದಿದ್ದ ದಾರ ತಂದು, ಒಂದರೊಳಗೊಂದು ಹೂವು ತೂರಿಸಿ, ಸೊಂಟದವರೆಗೆ ಬರುವ ಜಡೆ ಕಟ್ಟಿ, ವನಜಾಕ್ಷಿಯ ಪುಟ್ಟ ತುರುಬಿಗೆ ಸಿಕ್ಕಿಸಿದಳು.

"ಕನ್ನಡಿಗೆ ಎಲ್ಲಿ ಹೋಗೋಣ?" ಅಂದೆ.

"ವಾಚ್‌ಮನ್ ರೂಮಿನ ಕಿಟಕಿ ಗಾಜಿಲ್ವಾ ಸಾಮಿ!"

ಗಾಜಿಗೆ ಬೆನ್ನು ಮಾಡಿ ನಿಂತಳು ನನ್ನ ಎಪ್ಪತ್ತರ ಹುಡುಗಿ. ಮುಂದೆ ಮುಖ... ಹಿಂದೆ ಗಾಜಿನಲ್ಲಿ ಜಡೆ.

ಮೊದಲ ಮೂರು ಫೋಟೋದಲ್ಲಿ ನನ್ನ ಹೆಬ್ಬೆರಳೇ ಬಂತು. ಕಣ್ಣಿಗೆ ಧೂಳು ಬಿತ್ತು ಅಂದೆ.

"ಈಗ್ಲೇ ಗುಡ್ಸಿದ್ದೀನಿ ಸಾಮಿ... ಇಲ್ಲಿ ಧೂಳಿಲ್ಲ," ಅಂದಳು ಚೌಡಮ್ಮ.

ಅವಳಿಗೆ ಕೈ ಮುಗಿದೆ. ಇನ್ನೊಂದು ಫೋಟೋದಲ್ಲಿ ಅವಳೂ ಇದ್ದಾಳೆ, ಪೊರಕೆ ಸಮೇತ. ಎರಡೂ ಈಗ ನಮ್ಮ ಮನೆಯ ಗೋಡೆಯ ಮೇಲೆ, ಮದುವೆ ಫೋಟೋ ಪಕ್ಕದಲ್ಲೇ ಇವೆ.

*ಎಲ್ಲ ನೆನಪಿಟ್ಟುಕೊಂಡರೆ ಸಾಲದು... ಪಕ್ಕದಲ್ಲಿರುವವರನ್ನು ಒಂದು ಮಾತು ಕೇಳಬೇಕು.*

ನಿಮ್ಮ ಮನೆಯಲ್ಲಿ ಯಾರೂ ಕೇಳದೆ ಉಳಿದಿರುವ ಆಸೆ ಯಾರದು?

ಹೋಗಿ, ಮೊದಲು ಅವರನ್ನು ಕೇಳಿ ಬನ್ನಿ... ಆಮೇಲೆ ಇದನ್ನು ನಾಲ್ಕು ಜನಕ್ಕೆ ಕಳಿಸಿ.