ಒಳಗಿನವರ ಜಾಣತನ

ವಿವಾಹ ಕೇಂದ್ರದ ಮಾಲೀಕರು ಜೋಡಿ ಹುಡುಕಲು ಎಐ ತರಿಸಿದರು. ಅದಕ್ಕೆ ಕೆಲಸ ಕಲಿಸಲು ಹೊರಗಿನ ಪರಿಣತರನ್ನು ಕರೆಸಬೇಕೋ, ಆಫೀಸಿನವರೇ ಸಾಕೋ ಎಂಬುದಿನ್ನೂ ತೀರ್ಮಾನವಾಗಿರಲಿಲ್ಲ. ಹೊರಗಿನವರು ಬಂದರೆ ತನ್ನ ಕುರ್ಚಿ ಹೋದಂತೆಯೇ ಎಂದು, ಅಲ್ಲಿ ವರ್ಷಗಳಿಂದ ಜೋಡಿ ಹೊಂದಿಸುತ್ತಿದ್ದ ಗಿರಿಜಕ್ಕ ನಡುವೆ ಬಾಯಿ ಹಾಕಿದಳು.

"ಹೊರಗಿನವರಿಗೆ ನಮ್ಮ ಮಂದೀದು ಏನ್ ತಿಳೀತೈತ್ರಿ ಸಾವ್ಕಾರ್ರ? ಹುಡುಗಿ ಅಪ್ಪ ಪರದೇಶದಾಗ ಅದಾನ ಅಂತ ಬರಸ್ತಾರ. ಮನೀ ಫೋಟೊ ನೋಡಿದ್ರ ಒಂದರಾಗೂ ಅಂವಾ ಇರೂದಿಲ್ಲ. ಹೆಂಡ್ತೀನ ಬಿಟ್ಟು ಹೋಗಿರ್ತಾನ. ಅಂಥಾ ಮನೀ ಹೆಣ್ಣ ಯಾರ್ ತರ್ತಾರ?"

"ಹಂಗಾರ ನೀವ ಕಲಸ್ರಿ," ಎಂದರು ಮಾಲೀಕರು.

ಅವಳು ಕಲಿಸಿದಳು. ಎಐ ಅಂಥ ಹೆಣ್ಣುಮಕ್ಕಳನ್ನು ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ಹಾಕತೊಡಗಿತು. ಗಿರಿಜಕ್ಕನ ಕುರ್ಚಿ ಗಟ್ಟಿಯಾಯಿತು.

ಖುಷಿಯಾದ ಮಾಲೀಕರು ಒಂದು ದಿನ ಅವಳನ್ನು ಒಳಗೆ ಕರೆದರು. "ನಿಮ್ಮ ಮಗಳನ್ನ ನಮ್ಮ ತಮ್ಮನ ಮಗಗ ತಗೋಬೇಕಂತ ಮಾಡೇನ್ರಿ. ನೀವು ವಾಟ್ಸಾಪಿಗೆ ಹಾಕಿದ್ದ ಮನೀ ಫೋಟೊ ಎಲ್ಲಾ ಈಗಷ್ಟ ಈ ಎಐಗೆ ಕೊಟ್ಟೇನಿ."

ಪರದೆಯ ಮೇಲೆ ಬಂದದ್ದನ್ನು ಮಾಲೀಕರು ಮತ್ತೊಮ್ಮೆ ಓದಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಿರಿಜಕ್ಕಾರ, ನಿಮ್ಮ ಯಜಮಾನ್ರು ದುಬೈದಿಂದ ಮನೀಗೆ ಕಡೇ ಸಲ ಯಾವಾಗ ಬಂದಿದ್ರು?"