ಹಿಂದೆ ಬರುವವಳ ಕಾಲು

ರಾಣೆಬೆನ್ನೂರಿನ ಪೇಟೆಯಲ್ಲಿ ದೇವೇಂದ್ರಪ್ಪನವರ ಪಾತ್ರೆ ಅಂಗಡಿ ಗೊತ್ತಿಲ್ಲದವರು ಕಡಿಮೆ.

ಬೆಳಿಗ್ಗೆ ಅಂಗಡಿಗೆ ಹೊರಟರೆ ಅವರು ಮುಂದೆ... ಹೆಂಡತಿ ನೀಲವ್ವ ಹಿಂದೆ. ಮದುವೆಯಾದಾಗಿನಿಂದ ಹಾಗೇ.

ಈಚೆಗೆ ನೀಲವ್ವ ಬಹಳ ಹಿಂದೆ ಬೀಳುತ್ತಿದ್ದರು.

"ಏನ್ ಮದುಮಗಳು ನಡದಂಗ ನಡಿಯಾಕತ್ತೀಯಲ್ಲ! ಗಿರಾಕಿ ನಿಂತಿರ್ತಾರ, ಲಗೂ ಬಾ..." ತಿರುಗಿ ನೋಡದೆಯೇ ಗದರುತ್ತಿದ್ದರು ದೇವೇಂದ್ರಪ್ಪ.

"ಬಂದೆ ರೀ... ನೀವು ನಡೀರಿ."

ಒಂದು ದಿನ ಅಂಗಡಿಯಲ್ಲಿ ಕೊಳೆತ ವಾಸನೆ. ಇಲಿ ಸತ್ತಿರಬೇಕೆಂದು ದೇವೇಂದ್ರಪ್ಪ ಕೊಳಗ, ಹಂಡೆ ಎಲ್ಲ ಸರಿಸಿ ಹುಡುಕಿದರು.

ಇಲಿ ಇರಲಿಲ್ಲ.

ವಾಸನೆ ಬರುತ್ತಿದ್ದುದು ನೀಲವ್ವನ ಸೀರೆಯಂಚಿನ ಕೆಳಗಿನಿಂದ...

ಅಂದೇ ಹುಬ್ಬಳ್ಳಿಗೆ ಓಡಿದರು. ಪಾದದ ಆಪರೇಷನ್ ಮಾಡುವ ಡಾಕ್ಟರ್ ವಾರಿಜಾ, ವಯಸ್ಸಿನಲ್ಲಿ ಇವರ ಮಗಳಂತಿದ್ದರು. ಕೈಯಲ್ಲಿ ಒಂದು ಸಣ್ಣ ನೈಲಾನ್ ಎಳೆ.

"ಅವ್ವಾರ, ಕಣ್ಣ ಮುಚ್ರಿ. ಇದು ಕಾಲಿಗೆ ತಾಗಿದಾಗ 'ಹೂಂ' ಅನ್ರಿ."

"ಹೂಂ..."

ಎಳೆ ಇನ್ನೂ ಗಾಳಿಯಲ್ಲೇ ಇತ್ತು.

"ಹೂಂ..."

"ನಾ ಇನ್ನೂ ಮುಟ್ಟೇ ಇಲ್ಲರೀ ಅವ್ವಾರ..."

ನೀಲವ್ವ ತಪ್ಪು ಮಾಡಿದ ಮಗುವಿನಂತೆ ಕಣ್ಣು ಬಿಟ್ಟರು. "ನೋವು ಇಲ್ಲರೀ ಬಾಯಾರ. ಬರೇ ಕಾಲು ಕಟ್ಟಿಗಿ ಆದಂಗ ಆಗೇತಿ, ಅಷ್ಟ."

ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನೇ ತಿಂದುಹಾಕಿತ್ತು. ಊದಿದ ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ ಹೂತುಹೋಗಿ, ಅದರ ಕೆಳಗಿನ ಹುಣ್ಣು ಮೂಳೆಯವರೆಗೂ ಇಳಿದಿತ್ತು.

ಡಾಕ್ಟರ್ ದೇವೇಂದ್ರಪ್ಪನವರತ್ತ ತಿರುಗಿದರು. "ಯಾವಾಗಿಂದ ಕುಂಟಾಕತ್ಯಾರ್ರೀ ಇವ್ರು?"

ದೇವೇಂದ್ರಪ್ಪ ಹೆಂಡತಿಯ ಮುಖ ನೋಡಿದರು.

ಅವರು ಯಾವಾಗಲೂ ಮುಂದೆ ನಡೆಯುತ್ತಿದ್ದರು.

"ಇವತ್ತ ಉಂಗುರ ಕತ್ತರಿಸಿ ಆಪರೇಷನ್ ಮಾಡಬೇಕು. ಪಾದದ ಮುಂದಿನ ಭಾಗ ಹೋಗತೈತಿ. ತಡಾ ಮಾಡಿದ್ರ ಮೊಣಕಾಲ ತನಕಾ..."

ನೀಲವ್ವ ಥಟ್ಟನೆ ಕಾಲು ಎಳೆದುಕೊಂಡರು.

"ಕಾಲು ಹೋದ್ರ ಹೋಗ್ಲಿ. ಉಂಗುರ ಮಾತ್ರ ಕತ್ತರಿಸಬ್ಯಾಡ್ರಿ!"

"ಯಾಕ್ರೀ ಅವ್ವಾರ?"

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡರು. "ಹಿಂದ ಒಮ್ಮೆ ಬಿಗಿ ಆಗೇತಂತ ತಗದಿಟ್ಟಿದ್ದೆ... ಅವತ್ತ ಸಂಜಿಗೇ ಇವ್ರಿಗೆ ಹಾರ್ಟ್ ಅಟ್ಯಾಕ್ ಆತು. ಆಸ್ಪತ್ರಿಯಿಂದ ಓಡಿಬಂದು, ಎಣ್ಣಿ ಹಚ್ಚಿ, ತುರುಕಿ ಹಾಕ್ಕೊಂಡೆ. ಆಮ್ಯಾಲೇ ಇವ್ರು ಕಣ್ಣ ಬಿಟ್ರು. ಅವತ್ತಿನಿಂದ ತಗದಿಲ್ಲ..."

ದೇವೇಂದ್ರಪ್ಪ ಮೆಲ್ಲನೆ ನೆಲದ ಮೇಲೆ ಕೂತರು. ಆ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಅಯ್ಯ, ಬ್ಯಾಡ್ರೀ! ನೀವು ನನ್ನ ಕಾಲ ಮುಟ್ಟಿದ್ರ ನನಗ ಪಾಪ ಹತ್ತತೈತಿ..."

"ಮದುವಿ ದಿನ ಇದನ್ನ ತೊಡಿಸಿದಾವ ನಾನ. ಅವತ್ತ ಈ ಕಾಲು ಹಿಡದದ್ದು... ಆಮ್ಯಾಲೆ ಒಮ್ಮೆನೂ ನೋಡಲಿಲ್ಲ."

ದೇವೇಂದ್ರಪ್ಪ ಆ ಉಂಗುರವನ್ನು ಬೆರಳಿನಿಂದ ಮುಟ್ಟಿದರು.

"ನಾ ಉಳದದ್ದು ಈ ಉಂಗುರದಿಂದ ಅಲ್ಲ ನೀಲಾ. ಅವತ್ತ ಚಪ್ಪಲಿ ಹಾಕ್ಕೊಳ್ಳದ ಓಡಿಹೋಗಿ ಆಟೋ ತಂದದ್ದು ಈ ಕಾಲು... ಇದನ್ನರ ಉಳಿಸಿಕೊಡು ನನಗ."

ನೀಲವ್ವ ಕಾಲನ್ನು ಅವರ ತೊಡೆಯ ಮೇಲೇ ಬಿಟ್ಟರು. ಆಮೇಲೆ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು.

ಡಾಕ್ಟರ್ ಉಂಗುರ ಕತ್ತರಿಸುವ ಸಣ್ಣ ಕಟರ್ ತೆಗೆದುಕೊಂಡರು. ದೇವೇಂದ್ರಪ್ಪ ಆ ಪಾದವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು.

"ರೀ... ಕಾಲು ಹಿಡ್ಕೊಂಡೀರೇನ್ರಿ?"

"ಹಿಡ್ಕೊಂಡೀನಿ ನೀಲಾ... ಗಟ್ಟಿ ಹಿಡ್ಕೊಂಡೀನಿ."

"ನನಗ ಗೊತ್ತಾಗವಲ್ದು ರೀ..."

ಡಾಕ್ಟರ್ ಒಂದು ಕ್ಷಣ ಕೆಲಸ ನಿಲ್ಲಿಸಿ ಮುಖ ಆಚೆ ತಿರುಗಿಸಿದರು.

ಕಾಲು ಉಳಿಯಿತು... ಪಾದದ ಅರ್ಧ ಉಳಿಯಲಿಲ್ಲ.

ಈಗಲೂ ಇಬ್ಬರೂ ಬೆಳಿಗ್ಗೆ ಅಂಗಡಿಗೆ ಹೋಗುತ್ತಾರೆ. ನೀಲವ್ವ ಕೋಲು ಊರಿಕೊಂಡು ಮುಂದೆ... ದೇವೇಂದ್ರಪ್ಪ ಒಂದು ಹೆಜ್ಜೆ ಹಿಂದೆ, ಕಣ್ಣು ಅವರ ಕಾಲಿನ ಮೇಲೆ.

ಬಳೆ ಅಂಗಡಿಯ ಮಕ್ತುಮಸಾಬರು ಒಮ್ಮೆ ನಕ್ಕರು. "ಏನ್ರೀ ಸಾವ್ಕಾರ, ಈ ವಯಸ್ಸಿನಾಗ ಮನಿಯವರ ಹಿಂದ ಬಿದ್ದೀರಿ!"

"ಹೌದಪಾ..." ಎಂದರು ದೇವೇಂದ್ರಪ್ಪ. "ಮುಂದ ಇದ್ದಾಗ ಏನೂ ಕಾಣವಲ್ದಾಗಿತ್ತು."

ಮಕ್ತುಮಸಾಬರು ಮತ್ತೆ ನಗಲಿಲ್ಲ.

ನೋವನ್ನು ಹೇಳದೆ ನಮ್ಮ ಹಿಂದೆ ಬರುವವರನ್ನು, ಅವರು ಕರೆಯುವ ಮೊದಲೇ ತಿರುಗಿ ನೋಡಬೇಕು.

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವವರ ಪಾದವನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ...?