ಉಡಿಗೆ ಬಂದ ಐದು ಹಣ್ಣು

ರೊಟ್ಟಿ, ಪಲ್ಯಗಳಲ್ಲಿ ಪೊಟ್ಯಾಶಿಯಂ ಇಲ್ಲವಾಗಿ ಹನ್ನೊಂದು ವರ್ಷವಾಗಿತ್ತು. ಊರವರೆಲ್ಲ ಬೆಳಿಗ್ಗೆ ಸರ್ಕಾರಿ ಕೇಂದ್ರಕ್ಕೆ ಹೋಗಿ, ಗುಮಾಸ್ತನ ಎದುರೇ ದಿನದ ಒಂದು ಪೊಟ್ಯಾಶಿಯಂ ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿ ಬರುತ್ತಿದ್ದರು. ಬಾಯಿ ತೆರೆಯುವಾಗ ನೀಲವ್ವನಿಗೆ ಈಗೀಗ ಏನೂ ಅನಿಸುತ್ತಿರಲಿಲ್ಲ.

ಮೊದಲು ತಿಂಗಳ ಮಾತ್ರೆಗಳನ್ನು ಮನೆಗೇ ಕೊಡುತ್ತಿದ್ದರು. ನೀಲವ್ವನ ಬಸುರಿ ಮಗಳು ಈರಮ್ಮನ ಸೀಮಂತದ ಕುಬಸವಾದ ಮೇಲೆ ಅದು ನಿಂತಿತು. ಉಡಿ ತುಂಬಲು ಐದು ಬಾಳೆಹಣ್ಣು ಬೇಕಿತ್ತು. ಬಾಳೆ ಈಗ ಬೆಳೆಯುತ್ತಿದ್ದುದು ಸರ್ಕಾರಿ ತೋಟದಲ್ಲಷ್ಟೇ; ಅಲ್ಲಿಗೆ ಅರ್ಜಿ ಹಾಕಿದ್ದರೂ ಹಣ್ಣು ಬಂದಿರಲಿಲ್ಲ. ಹಣ್ಣಿನಲ್ಲಿರುವ ಪೊಟ್ಯಾಶಿಯಂ ಮಾತ್ರೆಯಲ್ಲೂ ಇದೆಯಲ್ಲ ಎಂದು ಐದು ಮಾತ್ರೆಗಳನ್ನು ಉಡಿಗೆ ಹಾಕಿದವಳು ನೀಲವ್ವನೇ. ಉಡಿಯದನ್ನು ಬಸುರಿಯೇ ತಿನ್ನಬೇಕು, ಉಳಿಸಬಾರದು ಎಂದವಳೂ ಅವಳೇ. ಈರಮ್ಮ ಅವ್ವನ ಮಾತು ಮೀರದೆ ಐದನ್ನೂ ಒಮ್ಮೆಗೇ ನುಂಗಿದಳು. ಸಂಜೆಯೊಳಗೆ ಅವಳ ಎದೆಬಡಿತ ನಿಂತಿತ್ತು.

ಇದು ಊರಿಗೆಲ್ಲ ಗೊತ್ತು. ಮೊನ್ನೆಯಷ್ಟೇ ಬಂದ ಗುಮಾಸ್ತ ರುದ್ರಪ್ಪನಿಗೆ ಗೊತ್ತಿರಲಿಲ್ಲ. ಅವನು ನೀಲವ್ವನ ಬಾಯಿ ನೋಡಿ, ಮೇಜಿನ ಕೆಳಗಿಂದ ಒಂದು ಪೊಟ್ಟಣ ತೆಗೆದ.

"ಈರಮ್ಮ ಅಂದ್ರ ಯಾರ್ರೀ ಅವ್ವಾರ?"

"ನನ್ನ ಮಗಳ್ರೀ."

"ಎರಡು ವರ್ಷದ ಹಿಂದಿನ ಅರ್ಜಿ ಈಗ ಮಂಜೂರಾಗೇತಿ. ಐದು ಬಾಳೆಹಣ್ಣು ಬಂದಾವ."

ನೀಲವ್ವ ಹಣ್ಣುಗಳನ್ನೇ ನೋಡಿದಳು.

"ಒಂದ ದಿನಕ್ಕ ಎಷ್ಟು ತಿನ್ನಬೇಕ್ರೀ?"

ರುದ್ರಪ್ಪ ನಕ್ಕ. "ಇದು ಮಾತ್ರಿ ಅಲ್ರೀ, ಹಣ್ಣು. ಗಟ್ಟಿಮುಟ್ಟಾದವರು ಐದೂ ಒಮ್ಮೆಗೇ ತಿಂದ್ರೂ ಏನೂ ಆಗಂಗಿಲ್ಲ. ಹೆದರಬ್ಯಾಡ ಅಂತ ಮಗಳಿಗೆ ಹೇಳ್ರಿ."

"ಹೇಳ್ತೇನ್ರೀ," ಎಂದಳು ನೀಲವ್ವ. ಪೊಟ್ಟಣವನ್ನು ಕೈಯಲ್ಲಿ ಹಿಡಿಯಲಿಲ್ಲ. ಸೆರಗನ್ನು ಮುಂದೆ ತಂದು ಹರವಿ, ಐದೂ ಹಣ್ಣನ್ನು ತನ್ನ ಉಡಿಗೆ ಹಾಕಿಸಿಕೊಂಡಳು.